ವಚನ ಭಂಡಾರಿ ಫ. ಗು. ಹಳಕಟ್ಟಿ

ವಿಜಯಪುರದ ಅಸಾರ್ ಮಹಲಿನಲ್ಲಿ ಆದಿಲ್‌ಶಾಹಿ ಅರಸರ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳಿದ್ದವು. 1853ರಲ್ಲಿ ಆಂಗ್ಲ ಅಧಿಕಾರಿಗಳು ಅವುಗಳನ್ನು ಲಂಡನ್ನಿಗೆ ಸಾಗಿಸಿದರು. ಹೀಗೆ ಗ್ರಂಥಗಳನ್ನು ಕಳೆದುಕೊಂಡ ಊರಿಗೆ ಅರ್ಧ ಶತಮಾನದ ತರುವಾಯ ಗ್ರಂಥಗಳನ್ನು ಅರಸಿ ತರುವ ಮಹನೀಯರೊಬ್ಬರು ಬಂದು ನೆಲೆಸಿದರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಮುಂಬಯಿಯಲ್ಲಿ ಪದವಿ ಪಡೆದು, ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1904ರಲ್ಲಿ ವಿಜಯಪುರದಲ್ಲಿ ವಕೀಲಿ ವೃತ್ತಿಗೆ ತೊಡಗಿದರು. ತಿಕೋಟಾ, ಬಬಲೇಶ್ವರ ಮೊದಲಾದ ಊರುಗಳುಳ್ಳ ಆ ಸೀಮೆಯು ಬರಗಾಲಕ್ಕೆ ಹೆಸರಾದುದು. ಅಲ್ಲಿಯ ಜನರಿಗಾಗಿ ಅವರು 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸಿದರು.

ಆದರೆ ಅವರ ಮನಸ್ಸನ್ನು ಸೆರೆಹಿಡಿದದ್ದು ಓಲೆಗರಿಗಳು. ರಬಕವಿ-ಬನಹಟ್ಟಿಯಲ್ಲಿ ಕಂಡ ವಚನಗಳ ಕಟ್ಟುಗಳು ಅವರಿಗೆ ಹೊಸ ಲೋಕವನ್ನೇ ತೆರೆದವು. ಇಂತಹ ಕಟ್ಟುಗಳು ಅನೇಕ ಮಠ, ಮನೆಗಳ ಜಗುಲಿಯ ಮೇಲಿದ್ದವು. ವಿಭೂತಿ ಹಚ್ಚಿ ಪೂಜಿಸುವವರಿದ್ದರು. ಬಿಚ್ಚಿ ಓದುವವರು ವಿರಳ. ಇತ್ತ ಪೂಜೆ ನಡೆಯುತ್ತಿದ್ದಂತೆಯೇ ಅತ್ತ ಗೆದ್ದಲು ತನ್ನ ಕೆಲಸ ಮಾಡುತ್ತಿದ್ದಿತು! ಹಳಕಟ್ಟಿಯವರು ಊರೂರು ಅಲೆದು, ನೂರಾರು ಪ್ರತಿಗಳನ್ನು ಸಂಗ್ರಹಿಸಿ, ನಕಲು ಮಾಡಿ, ಪಾಠಗಳನ್ನು ಹೋಲಿಸಿ, ವಚನಗಳನ್ನು ವಿಷಯಾನುಸಾರ ವಿಂಗಡಿಸಿದರು. ಕಕ್ಷಿದಾರರ ಕೆಲಸ ಹಿಂದೆ ಬಿದ್ದಿತು, ವರಮಾನವೂ ಕುಗ್ಗಿತು.

ಅಚ್ಚು ಹಾಕಿಸುವುದೂ ಸುಲಭವಾಗಿರಲಿಲ್ಲ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಹಸ್ತಪ್ರತಿಯನ್ನು ಹಿಂದಿರುಗಿಸಿತು. ಕಡೆಗೆ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯವನ್ನು ನಂಬಿದರೆ ಕಾರ್ಯ ಸಾಗದೆಂದು ಮನಗಂಡ ಅವರು ತಮ್ಮ ಮನೆಯನ್ನೇ ಮಾರಿ, 1925ರಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪದವಿಯೂ ಒದಗಿತು. ಸನ್ಮಾನಗಳು ಬಂದವು, ಬಡತನ ಮಾತ್ರ ಹೋಗಲಿಲ್ಲ.

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿ, ಪುಸ್ತಕಗಳು ಓದುಗರ ಬಳಕೆಗಾಗಿಯೇ ಇವೆಯೆಂಬುದನ್ನು ಗ್ರಂಥಪಾಲಕರ ವೃತ್ತಿಧರ್ಮವನ್ನಾಗಿಸಿದರು. ಹಳಕಟ್ಟಿಯವರಿಗೆ ಗ್ರಂಥಪಾಲಕರೆಂಬ ಹುದ್ದೆಯೂ ಇರಲಿಲ್ಲ, ವೇತನವೂ ಇರಲಿಲ್ಲ. ಆದರೂ ಆ ಧರ್ಮವನ್ನು ಅವರು ಅದಕ್ಕೆ ಮೊದಲೇ ಆಚರಿಸುತ್ತಿದ್ದರು. ಅವರ ಶ್ರಮದಿಂದ ಇನ್ನೂರಕ್ಕೂ ಹೆಚ್ಚು ವಚನಕಾರರ ಹೆಸರುಗಳು ಬೆಳಕಿಗೆ ಬಂದವು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ವಿಜಯಪುರದಲ್ಲಿ ನಿಧನರಾದರು. ಅವರ ಹೆಸರಿನ ಸಂಶೋಧನ ಕೇಂದ್ರವು ಅದೇ ಊರಿನಲ್ಲಿದೆ.