ನಿಘಂಟಿನ ಮರೆಯಲ್ಲಿರುವ ಪಾದ್ರಿ

ಕನ್ನಡಿಗರ ಮಾತಿನಲ್ಲಿ ಕಿಟೆಲ್ ಎಂಬುದು ಈಗ ಒಬ್ಬ ವ್ಯಕ್ತಿಗಿಂತ ಹೆಚ್ಚಾಗಿ ಒಂದು ಗ್ರಂಥದ ಹೆಸರು. ಪದವೊಂದರ ಅರ್ಥದ ಬಗ್ಗೆ ತಕರಾರು ಹುಟ್ಟಿದರೆ ಕಿಟೆಲ್ ನೋಡೋಣ ಎನ್ನುತ್ತೇವೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಅವರ ಪ್ರತಿಮೆ ಸ್ಥಾಪನೆಯಾಗಿದೆ. ಈ ಗೌರವವೆಲ್ಲ ಸಲ್ಲುತ್ತಿರುವುದು ಕೋಶಕಾರನಿಗೆ. ಆದರೆ ರೆವರೆಂಡ್ ಫರ್ಡಿನೆಂಡ್ ಕಿಟೆಲ್ ಈ ನಾಡಿಗೆ ಬಂದದ್ದು ಕ್ರಿಸ್ತನ ಸುವಾರ್ತೆಯನ್ನು ಸಾರಲು. ಅವರೊಳಗಿನ ಪಾದ್ರಿಯನ್ನು ಬದಿಗಿಟ್ಟು ಪಂಡಿತನನ್ನು ಮಾತ್ರ ಉಳಿಸಿಕೊಳ್ಳುವುದು ನಮಗೆ ಅನುಕೂಲ. ಹಾಗೆ ಮಾಡಿದರೆ ಅವರ ಬದುಕಿನ ಅತ್ಯಂತ ಮುಖ್ಯ ಸಂಗತಿಯೇ ಕೈತಪ್ಪುತ್ತದೆ ಎಂಬುದು, ಅವರ ಧರ್ಮಕ್ಕೇ ಸೇರಿದ, ಸರ್ಕಾರಿ ಸೇವೆಯಿಂದ ನಿವೃತ್ತನಾದ ನನ್ನ ಅನಿಸಿಕೆ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲೆಂಡ್ ಪ್ರಾಂತ್ಯದ ರೆಸ್ಟರ್‌ಹಾಫೆ ಎಂಬಲ್ಲಿ. ಲಂಡನ್ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾದದ್ದೂ ಅದೇ ವರ್ಷ. ತಂದೆ ಪಾದ್ರಿಯಾಗಿದ್ದರು. ಧರ್ಮಶ್ರದ್ಧೆಯೂ ಭಾಷೆಗಳ ಮೇಲಿನ ಒಲವೂ ಬಾಲಕನಲ್ಲಿ ಒಟ್ಟೊಟ್ಟಿಗೆ ಬೆಳೆದವು. 1850ರಲ್ಲಿ ಬಾಸೆಲ್ ಮಿಷನ್ನಿನ ಶಿಕ್ಷಣ ಸಂಸ್ಥೆಯನ್ನು ಸೇರಿ, ಮೂರು ವರ್ಷಗಳ ನಂತರ, ಇಪ್ಪತ್ತೊಂದರ ಹರೆಯದಲ್ಲಿ, ಮಂಗಳೂರಿಗೆ ಬಂದಿಳಿದರು. ಅಲ್ಲಿ 1834ರಿಂದಲೇ ಬಾಸೆಲ್ ಮಿಷನ್ ಕೆಲಸ ಮಾಡುತ್ತಿತ್ತು. ಮಂಗಳೂರು ಸಮಾಚಾರ ಪತ್ರಿಕೆಯನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕನ್ನಡ ಕಾವ್ಯಗಳನ್ನು ಅಚ್ಚಿಗೆ ತರುವ ಹಾದಿಯನ್ನು ಆಗಲೇ ತೆರೆದಿದ್ದರು.

ಆದರೆ ತರುಣ ಕಿಟೆಲ್‌ಗೆ ಮಿಷನ್ನಿನ ಬದುಕು ಸುಲಭವಾಗಿ ಒಗ್ಗಲಿಲ್ಲ. ಭಾರತೀಯರಿಗೆ ಸುವಾರ್ತೆ ಹೇಳುವವನು ಮೊದಲು ಅವರಂತೆ ಬದುಕಬೇಕು, ಅವರ ನಡುವೆ ಇರಬೇಕು ಎಂಬುದು ಅವರ ನಿಲುವು. ಎಲ್ಲರಿಗೂ ಎಲ್ಲರಂತಾದ ಸಂತ ಪೌಲನ ಮಾದರಿ ಅವರ ಕಣ್ಣಮುಂದಿತ್ತು. ಐರೋಪ್ಯರ ಬಂಗಲೆಯಿಂದ ದೂರವಿರುವ ಈ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಸಂಸ್ಥೆಗೆ ಅದರದೇ ಶಿಸ್ತು. ವ್ಯಕ್ತಿಗೆ ಅವನದೇ ಆತ್ಮಸಾಕ್ಷಿ. ಯಾವುದೇ ಇಲಾಖೆಯಲ್ಲಿ ದುಡಿದವರಿಗೆ ಈ ಇಕ್ಕಟ್ಟಿನ ಪರಿಚಯವಿರುತ್ತದೆ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಎಂದು ಅವರ ಸೇವೆ ಊರಿಂದ ಊರಿಗೆ ಸಾಗಿತು. 1860ರಲ್ಲಿ ಮದುವೆಯಾದ ಪೌಲೀನ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಅವರ ತಂಗಿ ಜೂಲಿಯನ್ನು ಕಿಟೆಲ್ ವಿವಾಹವಾದರು.

ಇಷ್ಟರ ನಡುವೆಯೂ ಬರವಣಿಗೆ ನಿಲ್ಲಲಿಲ್ಲ. 1862ರಲ್ಲಿ ಪ್ರಕಟವಾದ ಕಥಾಮಾಲೆ, ಯೇಸುವಿನ ಜೀವನವನ್ನು ದೇಶೀಯ ಪದ್ಯರೂಪದಲ್ಲಿ ಹೇಳುವ ಪ್ರಯತ್ನ. ಪರದೇಶದ ಪದ್ಯಬಂಧವನ್ನು ಕನ್ನಡದ ಮೇಲೆ ಹೇರದೆ, ಕನ್ನಡ ಕಿವಿಗೆ ಪರಿಚಿತವಾದ ಲಯದಲ್ಲಿಯೇ ತಮ್ಮ ದೇವರ ಕಥೆಯನ್ನು ಹೇಳಬೇಕೆಂದು ಅವರು ಬಯಸಿದ್ದರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಹೊರತಂದರು. ಸುವಾರ್ತೆ ಸಾರಲು ಬಂದವರು ಜೈನ ಕವಿಯೊಬ್ಬನ ವ್ಯಾಕರಣವನ್ನು ಓಲೆಗರಿಗಳಿಂದ ಬಿಡಿಸಿ, ಪಾಠಾಂತರಗಳನ್ನು ಹೋಲಿಸುತ್ತಾ ಕುಳಿತದ್ದು ಮಿಷನ್ನಿನ ಲೆಕ್ಕದ ಯಾವ ಕಲಮಿಗೆ ಸೇರುತ್ತದೆ ಎಂದು ಕೇಳಬಹುದು. ಅರ್ಥಶಾಸ್ತ್ರ ಓದಿದವನಾಗಿ ನನಗೂ ಈ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದೇ ಸಮಯವನ್ನು ಬೋಧನೆಗೆ ಬಳಸಿದ್ದರೆ ಸಭೆಗೆ ಇನ್ನಷ್ಟು ಜನ ಸೇರುತ್ತಿದ್ದರಲ್ಲವೇ?

ಕಿಟೆಲ್ ಪೂರ್ವಗ್ರಹವಿಲ್ಲದ ಸಂತರಾಗಿದ್ದರು ಎಂದು ಹೇಳುವುದು ಸತ್ಯಕ್ಕೆ ದೂರ. ಶಬ್ದಮಣಿದರ್ಪಣ ಹೊರಬಂದ ಅದೇ 1872ರಲ್ಲಿ ಅವರು ಯಜ್ಞವನ್ನು ಕುರಿತು ಒಂದು ಕೃತಿ ಬರೆದು, ವೈದಿಕ ಯಜ್ಞಕ್ಕೂ ಕ್ರಿಸ್ತನ ಬಲಿದಾನಕ್ಕೂ ಹೋಲಿಕೆ ಮಾಡಿದರು. ಲಿಂಗಪೂಜೆಯ ಮೂಲದ ಬಗೆಗೂ ಬರೆದರು. ಈ ಬರಹಗಳಲ್ಲಿ ತೀರ್ಪು ಕೊಡುವ ಮಿಷನರಿಯ ದನಿಯಿದೆ. ಇಂದಿನ ಓದುಗರಿಗೆ ಅದು ಇರುಸುಮುರುಸು ಉಂಟುಮಾಡಿದರೆ ಆಶ್ಚರ್ಯವಿಲ್ಲ. ಆದರೆ ನಿಘಂಟಿಗೆ ಬಂದಾಗ ಆ ದನಿ ಹಿಂದೆ ಸರಿಯುತ್ತದೆ. ತಾವು ನಂಬದ ದೇವತೆಯ ಹೆಸರು, ತಾವು ಒಪ್ಪದ ಆಚರಣೆಯ ಪದ, ಸಂತೆಯ ಗಾದೆ, ಬೈಗುಳ, ಬೇಸಾಯದ ಸಲಕರಣೆ ಎಲ್ಲಕ್ಕೂ ಅಲ್ಲಿ ಸ್ಥಳವಿದೆ, ಎಲ್ಲಕ್ಕೂ ಒಂದೇ ಬಗೆಯ ಎಚ್ಚರವಿದೆ. ಪದ ಮತ್ತೊಬ್ಬರದು, ಅದರ ಅರ್ಥವನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕು. ಇಪ್ಪತ್ತು ವರ್ಷ ಹೀಗೆ ಕೇಳುತ್ತಾ ಕುಳಿತವನ ಒಳಗು ಮೊದಲಿನಂತೆಯೇ ಇರಲು ಸಾಧ್ಯವಿಲ್ಲ. ಆಧ್ಯಾತ್ಮಿಕ ಬೆಳವಣಿಗೆ ಎಂಬ ದೊಡ್ಡ ಮಾತಿಗೆ ನಾನು ಕೊಡುವ ಅರ್ಥ ಇದು.

1877ರಲ್ಲಿ ಜರ್ಮನಿಗೆ ಮರಳಿದ ಕಿಟೆಲ್, ನಿಘಂಟಿನ ಕೆಲಸಕ್ಕಾಗಿ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಆ ಗ್ರಂಥವನ್ನು ಪ್ರಕಟಿಸಿತು. ಸುಮಾರು 70 ಸಾವಿರ ಪದಗಳು. 1,700ಕ್ಕೂ ಮಿಕ್ಕಿದ ಪುಟಗಳು. ಹಳಗನ್ನಡದಿಂದ ಆಡುಮಾತಿನವರೆಗೆ ಪದದ ಬಳಕೆಗೆ ಆಧಾರ, ತಮಿಳು, ತೆಲುಗು, ಮಲಯಾಳಂ, ತುಳುಗಳಲ್ಲಿನ ಸೋದರ ರೂಪ, ಮರಾಠಿ ಹಿಂದೂಸ್ತಾನಿಗಳಿಂದ ಬಂದದ್ದಾದರೆ ಅದರ ಸೂಚನೆ ಎಲ್ಲವೂ ಅಲ್ಲಿವೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಕೆಲವೇ ದಿನಗಳಿರುವಾಗ, ಟ್ಯೂಬಿಂಗೆನ್ನಿನಲ್ಲಿ ಅವರು ನಿಧನರಾದರು.

ಈ ಬದುಕು ನನಗೆ ಹತ್ತಿರವಾದದ್ದು ಗ್ರಂಥಾಲಯದಲ್ಲಲ್ಲ, ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕಂದಾಯ ಕಚೇರಿಗಳಲ್ಲಿ. ಕಿಟೆಲ್ ಆ ಸೀಮೆಯಲ್ಲಿ ಕೆಲಸ ಮಾಡಿದವರಲ್ಲ. ಅದು ನಿಜಾಮರ ಆಳ್ವಿಕೆಯ ಪ್ರದೇಶ. ಕಲಬುರಗಿ, ಬೀದರ್ ಕಡೆ ಸಭೆಗಳನ್ನು ಕಟ್ಟಿದವರು ಮೆಥೋಡಿಸ್ಟರು. ಆದರೆ ನಿಘಂಟು ಗಡಿ ದಾಟಿ ಬಂದಿತ್ತು. ದಾಖಲೆಗಳಲ್ಲಿ ಖಾಸ್ರಾ ಪಹಣಿ, ಸೇತ್ವಾರಗಳ ಭಾಷೆ. ಅಹವಾಲು ಹೇಳಲು ಬಂದ ರೈತನ ಬಾಯಲ್ಲಿ ಕನ್ನಡ, ಉರ್ದು, ಮರಾಠಿ ಬೆರೆತ, ತೊಗರಿ ಹೊಲದ ಬಿಸಿಲಿನಷ್ಟೇ ನೇರವಾದ ಮಾತು. ಬೆಂಗಳೂರಿನ ಕನ್ನಡದಲ್ಲಿ ಬೆಳೆದ ನಾನು ಸಂಜೆಯ ಹೊತ್ತು ಆ ದಿನ ಕೇಳಿದ ಪದಗಳನ್ನು ಕಿಟೆಲ್ ನಿಘಂಟಿನಲ್ಲಿ ಹುಡುಕುತ್ತಿದ್ದೆ. ಮರುದಿನ ಅದೇ ರೈತ ಬಂದಾಗ ಅವನ ಮಾತು ನನಗೆ ಅಹವಾಲಾಗಿ ಮಾತ್ರವಲ್ಲ, ಬದುಕಾಗಿಯೂ ಕೇಳಿಸುತ್ತಿತ್ತು. ಭಾನುವಾರದ ಆರಾಧನೆಗೂ ಸೋಮವಾರದ ಕಡತಕ್ಕೂ ಏನು ಸಂಬಂಧ ಎಂದು ಬಹಳ ಕಾಲ ಕೇಳಿಕೊಂಡಿದ್ದವನಿಗೆ ಅಲ್ಲೊಂದು ಉತ್ತರ ಸಿಕ್ಕಿತು.

ಆ ನೆಲಕ್ಕೆ ಈ ಉತ್ತರ ಹೊಸದೇನಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಒಕ್ಕಲುತನ ಮತ್ತು ದಾಸೋಹಗಳನ್ನೇ ಸಾಧನೆಯಾಗಿಸಿದರು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭಕ್ತರು ಮಧುಕರಿ ಬೇಡಿ ಅಹಂಕಾರವನ್ನು ಇಳಿಸಿಕೊಳ್ಳುತ್ತಾರೆ. ಆಳಂದದ ಲಾಡ್ಲೆ ಮಶಾಯಖ್ ದರ್ಗಾಕ್ಕೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಭಕ್ತಿ ಗುಡಿಯ ಹೊಸ್ತಿಲಲ್ಲಿ ಮುಗಿಯುವುದಿಲ್ಲ ಎಂಬುದು ಅಲ್ಲಿ ಯಾರೂ ಬೋಧಿಸಬೇಕಾದ ವಿಷಯವಲ್ಲ. ಇದರಿಂದ ನನ್ನ ನಂಬಿಕೆ ಸಡಿಲವಾಗಲಿಲ್ಲ. ಬಡಗಿಯ ಮನೆಯಲ್ಲಿ ಬೆಳೆದ ಯೇಸು, ಮೂವತ್ತು ವರ್ಷದ ತನಕ ಜನರ ಕಣ್ಣಿಗೆ ಬೀಳದೆ ದುಡಿದರೆಂಬ ಸಂಗತಿಯತ್ತ ಅದು ನನ್ನ ಗಮನ ಸೆಳೆಯಿತು.

ಸರ್ಕಾರಿ ನೌಕರಿಯಲ್ಲಿ ತಿಂಗಳ ಪ್ರಗತಿ ವರದಿ, ಗುರಿ, ಸಾಧನೆಯ ಶೇಕಡಾವಾರುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಅವು ಬೇಕು ಕೂಡ. ಸಾರ್ವಜನಿಕ ಹಣಕ್ಕೆ ಲೆಕ್ಕ ಕೊಡಲೇಬೇಕು. ಆದರೆ ಮತಾಂತರವಾದವರ ಸಂಖ್ಯೆಯಿಂದ ಕಿಟೆಲ್ ಅವರನ್ನು ಅಳೆದಿದ್ದರೆ ಇಂದು ಅವರ ಹೆಸರನ್ನು ನೆನೆಯಲು ಕಾರಣ ಉಳಿಯುತ್ತಿರಲಿಲ್ಲ. ತಮ್ಮ ಧರ್ಮಕ್ಕೆ ಎಂದೂ ಸೇರದ ಕೋಟ್ಯಂತರ ಜನರ ಮಾತನ್ನು ಅವರು ಕಾಪಿಟ್ಟರು, ಅದಕ್ಕೆ ಪ್ರತಿಫಲವಾಗಿ ಅವರ ಮನಃಪರಿವರ್ತನೆಯನ್ನು ಕೇಳಲಿಲ್ಲ. ನೆರೆಯವನನ್ನು ಪ್ರೀತಿಸಬೇಕೆಂಬ ಕ್ರೈಸ್ತ ಆದೇಶವನ್ನು ಪಾಲಿಸಲು ಇದೂ ಒಂದು ದಾರಿ, ಬಹುಶಃ ಹೆಚ್ಚು ಕಷ್ಟದ ದಾರಿ.

ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟೆಲ್ ಕೋಶವನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಒಬ್ಬ ಪಾದ್ರಿಯ ದುಡಿಮೆಯನ್ನು ಬೇರೆ ಧರ್ಮದ ವಿದ್ವಾಂಸರು ಕೈಗೆತ್ತಿಕೊಂಡು ಮುಂದುವರಿಸಿದರು. ಈ ಡಿಸೆಂಬರ್‌ನಲ್ಲಿ ಚರ್ಚುಗಳಲ್ಲಿ ದೀಪ ಹಚ್ಚುವ ನಾವು, ನಮ್ಮ ನಂಬಿಕೆ ಎಷ್ಟು ದೊಡ್ಡ ದನಿಯಲ್ಲಿ ಕೇಳಿಸುತ್ತಿದೆ ಎನ್ನುವುದಕ್ಕಿಂತ, ನೆರೆಯವನ ಮಾತು ನಮಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು ಕೇಳಿಕೊಂಡರೆ ಒಳ್ಳೆಯದು.