ಸೈಕಲ್ ಅಂಗಡಿಯ ವಿಲ್ಬರ್

ವಿಲ್ಬರ್ ರೈಟ್ ಅಂದ ತಕ್ಷಣ ನಮಗೆ ನೆನಪಾಗುವುದು ವಿಮಾನ. ಆದರೆ ಅವನಿಗೆ ಅನ್ನ ಹಾಕಿದ್ದು ಸೈಕಲ್. ವರ್ಕ್‌ಶಾಪ್ ಲ್ಯಾಬಿನಲ್ಲಿ ಕಬ್ಬಿಣ ಉಜ್ಜಿ ಉಜ್ಜಿ ಬೇಜಾರಾದ ನಮ್ಮಂಥವರು ಈ ಕಥೆ ಕೇಳಲೇಬೇಕು.

1867ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಹುಟ್ಟಿದ ವಿಲ್ಬರ್ ಓದಿನಲ್ಲಿ ಜಾಣ. ಯೇಲ್‌ಗೆ ಸೇರುವ ಯೋಚನೆಯಿತ್ತು. ಹದಿನೆಂಟರ ಆಸುಪಾಸಿನಲ್ಲಿ ಆಟವಾಡುವಾಗ ಹಾಕಿ ಕೋಲು ಮುಖಕ್ಕೆ ಬಡಿದು ಮುಂದಿನ ಹಲ್ಲು ಹೋದವು, ಕಾಲೇಜಿನ ಕನಸೂ ಹೋಯ್ತು. ಮನೆಯಲ್ಲೇ ಉಳಿದು ಕ್ಷಯದಿಂದ ನರಳುತ್ತಿದ್ದ ತಾಯಿಯ ಸೇವೆ ಮಾಡಿದ. 1889ರಲ್ಲಿ ಅವರೂ ತೀರಿಹೋದರು.

1892ರಲ್ಲಿ ತಮ್ಮ ಆರ್ವಿಲ್ ಜೊತೆ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ತೆರೆದ. ಮೊದಲು ಮಾರಾಟ, ರಿಪೇರಿ. 1896ರಿಂದ ತಮ್ಮದೇ ಸೈಕಲ್‌ಗಳು: ವ್ಯಾನ್ ಕ್ಲೀವ್, ಸೇಂಟ್ ಕ್ಲೇರ್. ಫ್ಯಾಕ್ಟರಿಗಳು ಸಾವಿರಗಟ್ಟಲೆ ಸೈಕಲ್ ಹೊರಹಾಕುತ್ತಿದ್ದ ಕಾಲವದು. ಇವರದು ಮಾತ್ರ ಆರ್ಡರ್ ಬಂದಂತೆ ಕೈಯಲ್ಲಿ ಮಾಡಿದ್ದು. ಉಕ್ಕಿನ ಕೊಳವೆಗಳನ್ನು ಜೋಡಿಸಿ ಬ್ರೇಜಿಂಗ್ ಮಾಡಬೇಕು. ಇದರಲ್ಲಿ ಉಕ್ಕು ಕರಗಲ್ಲ, ಹಿತ್ತಾಳೆ ಕರಗಿ ಸಂದಿಗೆ ಇಳಿಯುತ್ತೆ. ಬಿಸಿ ಸಾಲದಿದ್ದರೆ ಒಳಗೆ ಇಳಿಯೋದೇ ಇಲ್ಲ, ಹೆಚ್ಚಾದರೆ ಕೊಳವೆಯೇ ಕೆಡುತ್ತೆ. ಧೂಳು ಹೋಗದ, ಎಣ್ಣೆ ಸೋರದ ಚಕ್ರದ ಹಬ್ಬನ್ನೂ ಅಣ್ಣತಮ್ಮಂದಿರೇ ರೂಪಿಸಿದರು.

ಆಗ ಹಾರುವ ಯಂತ್ರದ ಹಿಂದೆ ಬಿದ್ದಿದ್ದ ಅನೇಕರು ಅದು ತಾನಾಗಿಯೇ ಸ್ಥಿರವಾಗಿರಬೇಕು ಅಂದುಕೊಂಡಿದ್ದರು. ಸೈಕಲ್ ಮಾಡುವವನಿಗೆ ಬೇರೆಯೇ ಗೊತ್ತಿತ್ತು. ನಿಲ್ಲಿಸಿ ಕೈಬಿಟ್ಟರೆ ಬೀಳುವ ಸೈಕಲ್ ಸವಾರ ಹತ್ತಿದರೆ ಓಡುತ್ತೆ. ಸಮತೋಲನ ಸವಾರನ ಕೈಯಲ್ಲಿರಬೇಕು. 1899ರಲ್ಲಿ ಅಂಗಡಿಯಲ್ಲಿ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ತಿರುಚುತ್ತಿದ್ದಾಗ, ರೆಕ್ಕೆಯನ್ನೂ ಹೀಗೇ ತಿರುಚಿ ವಾಲಿಸಬಹುದಲ್ಲ ಅಂತ ಹೊಳೆಯಿತು.

1901ರಲ್ಲಿ ಗ್ಲೈಡರ್ ಲೆಕ್ಕದಷ್ಟು ಮೇಲೇಳಲಿಲ್ಲ. ಪುಸ್ತಕದ ಲೆಕ್ಕವೇ ತಪ್ಪಿರಬಹುದೇ? ಸೈಕಲ್ಲಿನ ಹ್ಯಾಂಡಲ್ ಮೇಲೆ ಇನ್ನೊಂದು ಚಕ್ರ ಅಡ್ಡಲಾಗಿ ಕೂರಿಸಿ, ಅದಕ್ಕೆ ಪುಟ್ಟ ರೆಕ್ಕೆ ಕಟ್ಟಿ, ತುಳಿದು ನೋಡಿದರು. ಆಮೇಲೆ ಅಂಗಡಿಯಲ್ಲೇ ಗಾಳಿ ಸುರಂಗ ಕಟ್ಟಿದರು. ಅದರೊಳಗಿನ ತಕ್ಕಡಿಗೆ ಬಳಸಿದ್ದು ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿ! ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಆರು ವಾರದಲ್ಲಿ ಎಂಜಿನ್ ಮಾಡಿಕೊಟ್ಟ. ಪ್ರೊಪೆಲ್ಲರ್ ತಿರುಗಿಸಿದ್ದೂ ಚೈನು, ಹಲ್ಲಿನ ಚಕ್ರಗಳೇ.

ಸೇನೆಯಿಂದ 50,000 ಡಾಲರ್ ಪಡೆದ ವಿಜ್ಞಾನಿ ಲ್ಯಾಂಗ್ಲಿಯ ಯಂತ್ರ 1903ರ ಡಿಸೆಂಬರ್ 8ರಂದು ನದಿಗೆ ಬಿತ್ತು. ಒಂಬತ್ತು ದಿನದ ನಂತರ ಕಿಟ್ಟಿ ಹಾಕ್ ಬಳಿ ಆರ್ವಿಲ್ ಮೊದಲು ಹಾರಿದ. ಆ ದಿನದ ನಾಲ್ಕನೆಯ ಹಾರಾಟದಲ್ಲಿ ವಿಲ್ಬರ್ 59 ಸೆಕೆಂಡಿನಲ್ಲಿ ಸುಮಾರು 260 ಮೀಟರ್ ಸಾಗಿದ.

ಆಮೇಲಿನ ಕಥೆ ಬೇಸರದ್ದು. ಅವನ ಕೊನೆಯ ವರ್ಷಗಳನ್ನು ಪೇಟೆಂಟ್ ಮೊಕದ್ದಮೆಗಳು ತಿಂದುಹಾಕಿದವು. ಉಪಕರಣ ಹಿಡಿಯುವ ಕೈ ಕಾಗದಪತ್ರ ಹಿಡಿಯಿತು. 1912ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡಾಗ ವಯಸ್ಸು 45.

ಕಾಲೇಜು ಬೇಡ ಅಂತ ನಾವು ಹೇಳುತ್ತಿಲ್ಲ. ಆದರೆ ನಮ್ಮ ರೀಡಿಂಗ್ ಪುಸ್ತಕದ ಉತ್ತರಕ್ಕೆ ತಾಳೆಯಾಗದಿದ್ದಾಗ ಪಕ್ಕದವರ ರೆಕಾರ್ಡ್ ನೋಡಿ ತಿದ್ದುತ್ತೇವಲ್ಲ, ವಿಲ್ಬರ್ ಆ ಜಾಗದಲ್ಲೇ ನಿಂತು ಮತ್ತೆ ಅಳೆದ.