ಕೇಳದ ಕಿವಿ, ಅಳುಕದ ನಟ

ಕೋಲಾರ ತಾಲ್ಲೂಕಿನ ಹೋಳೂರು ನನ್ನ ಊರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡೂ ಬೆರೆತ ಧಾಟಿ ನನ್ನ ಮಾತಿನದು. ಊರಿನ ಪೌರಾಣಿಕ ನಾಟಕಗಳಲ್ಲಿ ಪಾತ್ರ ವಹಿಸುವಾಗ ಅದೊಂದು ಕೊರತೆಯೆಂದು ಎಂದೂ ಅನ್ನಿಸಿರಲಿಲ್ಲ. ಬೆಂಗಳೂರಿಗೆ ಆಡಿಷನ್‌ಗೆಂದು ಹೋದಾಗ ನಾಲ್ಕು ಸಾಲು ಮುಗಿಸುವ ಮೊದಲೇ ಯಾರೋ ನಕ್ಕರು. ಮುಂದಿನ ಎರಡು ಸಲ ಬಾಗಿಲವರೆಗೆ ಹೋಗಿ, ಒಳಹೊಕ್ಕದೆ ಬಸ್ ಹತ್ತಿ ಮರಳಿದೆ. ಆ ದಿನಗಳಲ್ಲಿ ನನ್ನನ್ನು ಕಾಡಿದ್ದು ಟಿ.ಎನ್. ಬಾಲಕೃಷ್ಣ ಅವರ ಬದುಕು.

ನಾಡಿಗೆಲ್ಲ ಬಾಲಣ್ಣನೆಂದೇ ಪರಿಚಿತರಾದ ಅವರು ಕಳೆದ ಶತಮಾನದ ಎರಡನೆಯ ದಶಕದಲ್ಲಿ, ಅರಸೀಕೆರೆಯ ಕಡುಬಡ ಕುಟುಂಬದಲ್ಲಿ ಹುಟ್ಟಿದವರು. ಕಿವಿ ಕೇಳದು. ವೃತ್ತಿ ನಾಟಕ ಕಂಪನಿಗಳ ಕಾಲದ ನಟನಿಗೆ ಇದಕ್ಕಿಂತ ದೊಡ್ಡ ಕೊರತೆ ಇರಲಾರದು. ಎದುರಿನ ಪಾತ್ರಧಾರಿಯ ಮಾತು ಎಲ್ಲಿ ನಿಲ್ಲುತ್ತದೆಂದು ತಿಳಿಯದಿದ್ದರೆ ತನ್ನ ಮಾತನ್ನು ಆರಂಭಿಸುವುದೆಂತು? ಬಾಲಣ್ಣ ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿದರು. ಎದುರಿನವರ ತುಟಿಗಳ ಚಲನೆಯನ್ನು ಗಮನಿಸಿ ತಮ್ಮ ಸರದಿಯನ್ನು ಹಿಡಿಯುತ್ತಿದ್ದರು.

1943ರ ‘ರಾಧಾರಮಣ’ ಚಿತ್ರದಿಂದ ಆರಂಭವಾದ ಅವರ ಸಿನಿಮಾ ಪಯಣ ಐದು ದಶಕಗಳಲ್ಲಿ ಐನೂರಕ್ಕೂ ಹೆಚ್ಚು ಚಿತ್ರಗಳಿಗೆ ಬೆಳೆಯಿತು. ಹಾಸ್ಯ, ಖಳ, ಕರುಣೆ ಹುಟ್ಟಿಸುವ ಮುದುಕ, ಎಲ್ಲವೂ ಅವರಿಗೆ ಒಗ್ಗಿದವು. 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಮರೆತ ಕನ್ನಡಿಗರು ವಿರಳ. ವಿಚಿತ್ರವೆಂದರೆ, ಕೇಳಿಸಿಕೊಳ್ಳಲಾರದ ಈ ಕಲಾವಿದರನ್ನು ಪ್ರೇಕ್ಷಕರು ಹೆಚ್ಚು ನೆನೆಯುವುದು ಅವರ ಮಾತಿನ ವರಸೆಗಾಗಿಯೇ.

ಅವಕಾಶವೂ ತಾನಾಗಿ ಒದಗಿ ಬರುತ್ತಿರಲಿಲ್ಲ. 1950ರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ತಯಾರಿಕೆ ಸೊರಗಿದಾಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಮತ್ತು ಬಾಲಕೃಷ್ಣ ಒಟ್ಟುಗೂಡಿ ಊರೂರು ತಿರುಗಿ ನಾಟಕವಾಡಿದರು. ಬಳಿಕ ತಾವೇ ನಿರ್ಮಾಪಕರಾಗಿ 1960ರಲ್ಲಿ ‘ರಣಧೀರ ಕಂಠೀರವ’ವನ್ನು ತೆರೆಗೆ ತಂದರು. ಕೆಂಗೇರಿಯ ಸಮೀಪ ಅಭಿಮಾನ್ ಸ್ಟುಡಿಯೊ ಕಟ್ಟಿದ್ದು ಬಾಲಣ್ಣನ ಮತ್ತೊಂದು ಸಾಹಸ. ಪರಭಾಷೆಯ ಊರುಗಳಲ್ಲಿ ಸ್ಟುಡಿಯೊ ಹುಡುಕುತ್ತಿದ್ದ ಕನ್ನಡ ಚಿತ್ರರಂಗಕ್ಕೆ ಸ್ವಂತ ನೆಲೆಯೊಂದು ಬೇಕೆಂಬ ಹಂಬಲ ಅದರ ಹಿಂದಿತ್ತು. 1995ರ ಜುಲೈ 19ರಂದು ಅವರು ನಿಧನರಾದರು.

ಅವರ ಮನಸ್ಸಿನಲ್ಲಿ ಅಳುಕೇ ಇರಲಿಲ್ಲವೆಂದು ನಾನು ಹೇಳಲಾರೆ. ಯಾರ ಅಂತರಂಗವನ್ನು ಯಾರು ಬಲ್ಲರು? ಕಾಣುವುದು ಅವರ ಕೆಲಸ ಮಾತ್ರ. ಧೈರ್ಯ ಬರಲೆಂದು ಕಾಯುತ್ತ ಕುಳಿತಿದ್ದರೆ ಆ ಕೆಲಸ ನಡೆಯುತ್ತಿರಲಿಲ್ಲ. ಆತ್ಮವಿಶ್ವಾಸ ಮೊದಲು, ಅಭಿನಯ ಆಮೇಲೆ ಎಂದು ಬಗೆದದ್ದೇ ನನ್ನ ತಪ್ಪಾಗಿತ್ತು. ನನ್ನ ಗಮನವೆಲ್ಲ ನನ್ನ ನಾಲಗೆಯ ಮೇಲಿತ್ತು, ನಗುವವರ ಮುಖದ ಮೇಲಿತ್ತು. ಬಾಲಣ್ಣನ ಗಮನ ಎದುರಿಗೆ ನಿಂತ ಪಾತ್ರದ ಮೇಲಿತ್ತು. ಕೊರತೆಯೇ ಅವರನ್ನು ಅಷ್ಟು ಎಚ್ಚರದ ನಟರನ್ನಾಗಿ ಮಾಡಿರಬೇಕು.

ನಾಲ್ಕನೆಯ ಸಲ ನಾನು ಬಾಗಿಲು ದಾಟಿದೆ. ಎದುರಿಗೆ ಸಂಭಾಷಣೆ ಓದುತ್ತಿದ್ದವರ ತುಟಿಗಳನ್ನೇ ನೋಡುತ್ತ ನನ್ನ ಹೋಳೂರಿನ ಧಾಟಿಯಲ್ಲೇ ಉತ್ತರ ಕೊಟ್ಟೆ. ಆ ಪಾತ್ರ ನನಗೆ ಸಿಗಲಿಲ್ಲ. ಆದರೆ ಅಂದು ಊರಿಗೆ ಮರಳುವಾಗ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂರಲಿಲ್ಲ. ಮುಂದಿನ ಆಯ್ಕೆಯ ದಿನಾಂಕವನ್ನು ಬರೆದುಕೊಂಡಿದ್ದೆ.